ಅಮ್ಮನ ಎಡಗೈ

ಗಂಟು ಬಿಗಿಯಾಯಿತೇನೋ ಎಂಬ ಅನುಮಾನ ಬಸ್ಸಿನಲ್ಲಿ ಕೂತ ಮೇಲೆ ಶುರುವಾಗಿ, ಮುದ್ರಣಾಲಯದ ಮೆಟ್ಟಿಲು ಹತ್ತುವ ಹೊತ್ತಿಗೆ ಅವನ ಎದೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಹಗ್ಗವೇನೂ ಅಲ್ಲ, ಮೆತ್ತನೆಯ ಉಣ್ಣೆಯ ಮಫ್ಲರು. ಚಳಿಗಾಲದಲ್ಲಿ ತಾನೇ ಕೊರಳಿಗೆ ಸುತ್ತಿಕೊಳ್ಳುತ್ತಿದ್ದದ್ದು. ಒಂದು ಸುತ್ತು ಅಮ್ಮನ ಮಣಿಕಟ್ಟಿಗೆ, ಇನ್ನೊಂದು ಸುತ್ತು ಮಂಚದ ಕಂಬಿಗೆ. ನಡುವೆ ಕೈಯಾಡಿಸಲು ಸ್ವಲ್ಪ ಸಡಿಲ ಬಿಟ್ಟಿದ್ದ. ಬಿಟ್ಟಿದ್ದನೇ? ದಿನವೂ ಬಿಡುತ್ತಿದ್ದ, ಆದರೆ ಈ ದಿನ ಬಸ್ಸಿಗೆ ತಡವಾಗುತ್ತಿದೆ ಎಂಬ ಗಡಿಬಿಡಿಯಲ್ಲಿ ಬೆರಳು ಏನು ಮಾಡಿತೋ ನೆನಪಾಗಲೊಲ್ಲದು. ನೆನಪಿದ್ದದ್ದು ಒಂದೇ: ಅಮ್ಮ ಕೈ ಎಳೆದುಕೊಳ್ಳಲಿಲ್ಲ. ಬೇರೆ ಯಾರದೋ ಕೈಗೆ ಯಾರೋ ಗಂಟು ಹಾಕುತ್ತಿದ್ದಾರೆ ಎಂಬಂತೆ ನೋಡುತ್ತಾ ಮಲಗಿದ್ದಳು. ಪಾರ್ಶ್ವವಾಯು ಬಡಿದು ಬಲಭಾಗವೆಲ್ಲ ಬಿದ್ದುಹೋದ ಮೇಲೆ, ಮಾತೂ ನಿಂತುಹೋದ ಮೇಲೆ, ಆ ದೇಹದಲ್ಲಿ ಹೇಳಿದಂತೆ ಕೇಳುತ್ತಿದ್ದದ್ದು ಎಡಗೈಯೊಂದೇ. ಅದನ್ನೇ ತಾನು ಕಟ್ಟಿ ಬಂದಿದ್ದ.

ಮುದ್ರಣಾಲಯದಲ್ಲಿ ಅವನ ಕೆಲಸ ತಪ್ಪು ಹುಡುಕುವುದು. ಅಚ್ಚಿಗೆ ಹೋಗುವ ಮೊದಲು ಎಲ್ಲ ಕರಡುಗಳೂ ಅವನ ಮೇಜನ್ನು ದಾಟಿ ಹೋಗಬೇಕು. ಕೊಂಬು ಬಿಟ್ಟುಹೋದ ಅಕ್ಷರ ಊಟದಲ್ಲಿ ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ ಅವನಿಗೆ ಸಿಗುತ್ತಿತ್ತು. ಬೆನ್ನ ಹಿಂದೆ ಎಲ್ಲರೂ ತನ್ನನ್ನು ‘ಕೊಂಬು ಸಾರ್’ ಎನ್ನುತ್ತಾರೆಂದು ಗೊತ್ತಿತ್ತು, ಒಳಗೊಳಗೇ ಅದರ ಹೆಮ್ಮೆಯೂ ಇತ್ತು. ಈ ದಿನ ಮಾತ್ರ ಸಾಲುಗಳು ಕಣ್ಣಿನ ಮುಂದೆ ಹಾದುಹೋಗುತ್ತಿದ್ದವೇ ಹೊರತು ನಿಲ್ಲುತ್ತಿರಲಿಲ್ಲ. ಮಗಳ ಬಾಣಂತನಕ್ಕೆಂದು ಹೋಗಿದ್ದ ಹೆಂಡತಿ ಸಂಜೆಯ ರೈಲಿಗೆ ಬರುವವಳಿದ್ದಳು. ಮಧ್ಯಾಹ್ನವೇ ಮನೆಗೆ ಹೋಗಿ ಗಂಟು ಬಿಚ್ಚಿ, ಮಫ್ಲರನ್ನು ಬೀರುವಿನಲ್ಲಿಟ್ಟು, ಏನೂ ಆಗಿಲ್ಲವೆಂಬಂತೆ ಸ್ಟೇಷನ್ನಿಗೆ ಹೋಗಬೇಕೆಂದು ಲೆಕ್ಕ ಹಾಕಿಕೊಂಡಿದ್ದ. ಅಷ್ಟರಲ್ಲಿ ಮ್ಯಾನೇಜರು ಶಾಲಾ ಪಠ್ಯದ ಹಾಳೆಗಳ ಕಂತೆಯನ್ನು ತಂದು ಮೇಜಿನ ಮೇಲಿಟ್ಟು, ಮೇಲಿನ ಹಾಳೆಯ ಮೇಲೆ ಬೆರಳು ಒತ್ತಿ ನಿಂತ. “ಏನ್ ಸಾರ್, ನೀವೇ ನೋಡಿ ಕಳಿಸಿದ್ದು. ನೀವೇ ಕೊಂಬು ಬಿಟ್ರೆ ನಾವೆಲ್ಲ ಎಲ್ಲಿಗೆ ಹೋಗಬೇಕು?” ಎಂದು ನಕ್ಕ. ಸುತ್ತಲಿನ ಮೇಜುಗಳೂ ನಕ್ಕವು. ಅವನೂ ನಕ್ಕ. ನಗುತ್ತಲೇ, ಇವರಿಗೆಲ್ಲ ಗೊತ್ತಾಗಿದೆಯೇ, ಅಮ್ಮನ ಕೈಯ ವಿಷಯ ಇವರ ತನಕ ಬಂದಿದೆಯೇ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದ.

ಊಟದ ಬಿಡುವಿನಲ್ಲಿ ಮನೆಗೆ ಫೋನ್ ಮಾಡಿದ. ಹಗಲು ಹೊತ್ತು ನೋಡಿಕೊಳ್ಳುವ ಆಯಾ ಎತ್ತಿಕೊಂಡಳು.

“ಮಲಗಿದಾರೆ ಸಾರ್. ಏನೂ ಗಲಾಟೆ ಇಲ್ಲ.”

“ಕೈ?”

“ಕಟ್ಟೇ ಇದೆ ಸಾರ್. ಊಟಕ್ಕೆ ಬಿಚ್ಚಿದ್ದೆ. ಬಿಚ್ಚಿದ ತಕ್ಷಣ ಮತ್ತೆ ಅಲ್ಲಿಗೇ ಹೋಯ್ತು. ಕಟ್ಟಿಬಿಟ್ಟೆ.”

ಪಕ್ಕದಲ್ಲಿ ಯಾರೋ ಕೈ ತೊಳೆಯುತ್ತಿದ್ದರು. “ಹಾಗಾದ್ರೆ ಸರಿ” ಎಂದ, ಪಾರ್ಸೆಲ್ಲು ಬಂತೇ ಎಂದು ವಿಚಾರಿಸಿದವನ ದನಿಯಲ್ಲಿ. ಬಿಚ್ಚು ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಬಿಚ್ಚಿದರೆ ಆ ಕೈ ಮತ್ತೆ ಅಲ್ಲಿಗೇ ಹೋಗುತ್ತದೆ ಎಂದುಕೊಂಡು ನುಂಗಿದ. ಅಲ್ಲಿಗೆ ಎನ್ನುವುದಕ್ಕೆ ಅವನ ಮನಸ್ಸಿನಲ್ಲೂ ಬೇರೆ ಶಬ್ದ ಇರಲಿಲ್ಲ. ಮೊದಲ ಸಲ ಆಯಾಳೇ ಬಂದು, ಕಣ್ಣು ತಪ್ಪಿಸಿ, ಅರ್ಧ ನಗು ನುಂಗಿಕೊಂಡು ಹೇಳಿದ್ದಳು: “ವಯಸ್ಸಾದ ಮೇಲೆ ಕೆಲವರಿಗೆ ಹೀಗಾಗತ್ತೆ ಸಾರ್. ತಲೆಗೆ ಏಟು ಬಿದ್ದಿರತ್ತಲ್ಲ, ನಾಚಿಕೆ ಹೋಗಿಬಿಡತ್ತೆ. ನಾನು ನೋಡಿದೀನಿ.” ಹೀಗೆ ಎಂದರೆ ಹೇಗೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವಳು ಏನನ್ನೋ ಹೇಳುತ್ತಿದ್ದಳು, ಅದನ್ನು ಕೇಳಿಸಿಕೊಂಡ ಕಿವಿಯಿಟ್ಟುಕೊಂಡು ಅವನು ಅಮ್ಮನ ಕೋಣೆಗೆ ಹೋಗಬೇಕಾಗುತ್ತಿತ್ತು. ಆಮೇಲೆ ಮೇಲಿನ ಮನೆಯ ನಿವೃತ್ತ ಜಡ್ಜರು ಹೆಂಡತಿಯೊಂದಿಗೆ ಕಿತ್ತಳೆ ಹಣ್ಣು ಹಿಡಿದು ನೋಡಲು ಬಂದ ದಿನ. ಅವರು ಕುರ್ಚಿ ಎಳೆದುಕೊಂಡು ತಮ್ಮ ಮಂಡಿನೋವಿನ ಸಮಾಚಾರ ಹೇಳುತ್ತಿದ್ದಾಗಲೇ ಹೊದಿಕೆಯ ಕೆಳಗೆ ಆ ಕೈ ಸರಿಯತೊಡಗಿತು. ಹೊದಿಕೆ ಏರಿತು, ಇಳಿಯಿತು. ಜಡ್ಜರು ಫ್ಯಾನು ನೋಡಿದರು. ಅವರ ಹೆಂಡತಿ ಚೀಲದ ಹಿಡಿಕೆ ಸರಿಮಾಡಿಕೊಂಡರು. ಅವನು ಎದ್ದು, ಹೊದಿಕೆಯ ಒಳಗೆ ಕೈ ಹಾಕಿ ಅಮ್ಮನ ಕೈಯನ್ನು ಹಿಡಿದೆಳೆದು, “ಅಮ್ಮಾ! ಮಾನ ಮರ್ಯಾದೆ ಇಲ್ವಾ?” ಎಂದು ಕೂಗಿಯೇಬಿಟ್ಟ. ಎಂಥ ಮಾತು. ಅವನ ಆಯುಷ್ಯದಲ್ಲಿ ಅಮ್ಮನಿಗೆ ಅವನು ಆಡಿದ ಅತ್ಯಂತ ದೊಡ್ಡ ಮಾತು ಅದು. ಅಮ್ಮನ ಬಾಯಿ ಒಂದು ಬದಿಗೆ ತೆರೆದುಕೊಂಡು, ಏನೋ ಹೇಳಲು ಹೋಗಿ, ಬರೀ ಗಾಳಿ ಹೊರಟಿತ್ತು. ಆ ಸಂಜೆಯೇ ಮಫ್ಲರು ಬಂದದ್ದು.

ಅಮ್ಮ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದವಳು. ಅಪ್ಪ ಹೋದ ಮೇಲೆ ತಾಯಿ ಮಗ ಇಬ್ಬರೂ ಹಾಸ್ಟೆಲ್ಲಿನ ಕೆಳಗಿನ ಎರಡು ಕೋಣೆಗಳಲ್ಲಿ ಇದ್ದರು. ಅಷ್ಟು ಹುಡುಗಿಯರ ನಡುವೆ ಒಬ್ಬನೇ ಗಂಡುಮಗು. ಅವರೆಲ್ಲ ಅವನನ್ನು ‘ಅರ್ಧ ಟಿಕೆಟ್ಟು’ ಎಂದು ಕರೆದು ಕೆನ್ನೆ ಹಿಂಡುತ್ತಿದ್ದರು. ಅಮ್ಮ ಕಾರಿಡಾರಿನಲ್ಲಿ ಬರುತ್ತಿದ್ದರೆ ಪಿಸುಮಾತೂ ನಿಲ್ಲುತ್ತಿತ್ತು. ಅದೇ ಹುಡುಗಿಯರಲ್ಲಿ ಒಬ್ಬಳು ಆಗೀಗ ಕೆಂಪು ಮುಖ ಮಾಡಿಕೊಂಡು ಬಾಗಿಲಲ್ಲಿ ನಿಲ್ಲುವಳು. ಅಮ್ಮ ಅವಳ ಮುಖ ನೋಡಿದವಳೇ, “ಹೊರಗೆ ಆಡ್ಕೋ ಹೋಗು ಪುಟ್ಟಾ” ಎಂದು ಇವನನ್ನು ಕಳಿಸಿ ಬಾಗಿಲು ಹಾಕಿಕೊಳ್ಳುವಳು. ಬಾಗಿಲಿನ ಆಚೆಯಿಂದ ಅಳು, ಆಮೇಲೆ ಅಮ್ಮನ ತಗ್ಗಿದ ದನಿ. ಕಾರಿಡಾರಿನಲ್ಲಿ ಎಂದೂ ಕೇಳಿಸದ ದನಿ. ಹುಡುಗಿ ಹೊರಗೆ ಬರುವಾಗ ನಗುತ್ತಿದ್ದಳು. ಹಾಸ್ಟೆಲ್ಲಿನ ಕಮಿಟಿಯವರ ಜೊತೆ ಅಮ್ಮ ಜಗಳ ಆಡಿದ್ದೂ ನೆನಪಿದೆ. ಹುಡುಗಿಯರ ಒಳಬಟ್ಟೆ ಯಾರ ಕಣ್ಣಿಗೂ ಬೀಳಬಾರದೆಂದು ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಹಗ್ಗ ಕಟ್ಟಿಸಿದ್ದರಂತೆ. ಅಮ್ಮ ಅದನ್ನು ತಾನೇ ಕಿತ್ತು ಮಹಡಿಯ ಮೇಲೆ ಕಟ್ಟಿಸಿದಳು. “ಬಿಸಿಲು ಬೀಳಲಿ. ಬಿಸಿಲಿಗೇನು ನಾಚಿಕೆ?” ಎಂದಳಂತೆ. ಆ ಮಹಡಿಗೆ ಅವನು ಕಾಲಿಡುವಂತಿರಲಿಲ್ಲ. ಅಲ್ಲಿ ಏನಿದೆಯೋ ಎಂದು ಎಷ್ಟೋ ದಿನ ಗಾಳಿಪಟ ಹಾರಿಸುವ ನೆಪದಲ್ಲಿ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದ. ಮಗನಿಗೆ ಅಮ್ಮ ಲೋಕದ ಎಲ್ಲವನ್ನೂ ಕಲಿಸಿದಳು, ಆ ಬಾಗಿಲಿನ ಆಚೆಯದೊಂದನ್ನು ಬಿಟ್ಟು.

ಪಠ್ಯದ ಹಾಳೆಗಳನ್ನೆಲ್ಲ ಮತ್ತೆ ನೋಡಿ ಮುಗಿಸುವಾಗ ಸಂಜೆ ಜಾರಿತ್ತು. ಸ್ಟೇಷನ್ನಿಗೆ ಹೋಗುವ ಮಾತೇ ಇರಲಿಲ್ಲ. ಮನೆಯ ಬಾಗಿಲು ತೆರೆದಾಗ ಹಜಾರದಲ್ಲಿ ಹೆಂಡತಿಯ ಸೂಟ್‌ಕೇಸು ಅಡ್ಡ ಬಿದ್ದಿತ್ತು. ಆಯಾ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಅತ್ತ ಹಾಗಿತ್ತು. “ನೀವು ಹೇಳಿದ್ದಕ್ಕೇ ಅಲ್ವಾ ಸಾರ್ ನಾನು ಕಟ್ಟಿದ್ದು, ನೀವೇ ಹೇಳಿ ಅಕ್ಕನಿಗೆ” ಎಂದಳು. ಅಮ್ಮನ ಕೋಣೆಯಲ್ಲಿ, ಪ್ರಯಾಣದ ಬಟ್ಟೆಯಲ್ಲೇ, ಮಂಚದ ಪಕ್ಕದ ಸ್ಟೂಲಿನ ಮೇಲೆ ಹೆಂಡತಿ ಕೂತಿದ್ದಳು. ಅಮ್ಮನ ಎಡಗೈ ಅವಳ ಮಡಿಲಲ್ಲಿತ್ತು. ಮಣಿಕಟ್ಟಿನ ಸುತ್ತ ಉಣ್ಣೆಯ ಹೆಣಿಗೆಯ ಗುರುತು. ಮಫ್ಲರು ಮೇಜಿನ ಮೇಲೆ ನೀಟಾಗಿ ಮಡಿಚಿಟ್ಟಿತ್ತು. ಎಸೆದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ಕೋಣೆಯ ತುಂಬ ಗುಲಾಬಿ ಪೌಡರಿನ ಘಮ ಗಪ್ಪೆಂದು ಹೊಡೆಯುತ್ತಿತ್ತು.

“ಈ ಪೌಡರ್ ಯಾರು ತಂದದ್ದು?”

“ನಾನೇ. ವಾಸನೆ ಬರ್ತಿತ್ತು. ಬರೋರು ಹೋಗೋರು...”

“ಆ ಸೆಂಟಿನ ಒರೆಸೋ ಕಾಗದ?”

“ಅದೂ ನಾನೇ. ಒಳ್ಳೇದೇ ತಂದಿದ್ದೆ.”

ಅವಳು ಅವನನ್ನು ನೋಡಲಿಲ್ಲ. “ಒಂದಿಷ್ಟು ನೀರು ಬೆಚ್ಚಗೆ ಮಾಡಿ ತನ್ನಿ. ಕುದೀಬಾರದು, ಉಗುರುಬೆಚ್ಚಗೆ ಸಾಕು. ಹಳೇ ಹತ್ತಿ ಬೆಡ್‌ಶೀಟ್ ಇದ್ರೆ ಹರಿದು ತುಂಡು ಮಾಡಿ.”

“ಸೋಪು?”

“ಬೇಡ. ಬರೀ ನೀರು.”

ನೀರು ಕೊಟ್ಟ ಮೇಲೆ ಬಾಗಿಲು ಹಾಕಿಕೊಂಡಿತು. ಅವನು ಹೊರಗೆ ನಿಂತ. ಒಳಗಿನಿಂದ ನೀರು ಹಿಂಡುವ ಸದ್ದು, ಆಮೇಲೆ ಹೆಂಡತಿಯ ತಗ್ಗಿದ ದನಿ: “ಆಯ್ತು ಅತ್ತೆ, ಆಯ್ತು, ಇನ್ನೊಂದು ಚೂರು. ಉಜ್ಜಲ್ಲ, ಒತ್ತಿ ಒಣಗಿಸ್ತೀನಿ ಅಷ್ಟೇ.” ಅದಕ್ಕೆ ಉತ್ತರವಾಗಿ ಅಮ್ಮ ಗಂಟಲಲ್ಲಿ ಎಬ್ಬಿಸಿದ ಒಂದು ಶಬ್ದ. ನೋವಿನದೋ ನೆಮ್ಮದಿಯದೋ ಅವನಿಗೆ ತಿಳಿಯಲಿಲ್ಲ. ಹೊರಗೆ ಆಡ್ಕೋ ಹೋಗು ಪುಟ್ಟಾ. ತಲೆ ನರೆತ ಮೇಲೂ ಬಾಗಿಲಿನ ಈಚೆಯೇ ನಿಂತಿದ್ದ.

ಹೆಂಡತಿ ಹೊರಗೆ ಬಂದು ಸಿಂಕಿನಲ್ಲಿ ಮೊಣಕೈಯವರೆಗೆ ಕೈ ತೊಳೆದಳು. ಬಹಳ ಹೊತ್ತು ತೊಳೆದಳು. ಆಮೇಲೆ ಬೆನ್ನು ತಿರುಗಿಸಿಕೊಂಡೇ ಹೇಳಿದಳು.

“ಕೆಂಪಾಗಿ ಬಿರುಕು ಬಿಟ್ಟಿದೆ. ಬಿಳಿ ಮೊಸರಿನ ಹಾಗೆ ಕಟ್ಟಿದೆ. ಮೈಮೇಲೆ ಆ ಪ್ಲಾಸ್ಟಿಕ್ ಡೈಪರು ಹಗಲೂ ರಾತ್ರಿ, ಮೇಲೆ ಸೆಂಟು, ಮೇಲೆ ಪೌಡರು. ತುರಿಕೆ ಕಣ್ರೀ. ಅವರಿಗೆ ತುರಿಸ್ತಾ ಇತ್ತು. ಅಷ್ಟೇ.”

“ನಾನು ಅಂದ್ಕೊಂಡೆ...”

“ಏನಂದ್ಕೊಂಡ್ರಿ?”

ನಲ್ಲಿಯ ನೀರು ಬೀಳುತ್ತಲೇ ಇತ್ತು. ಅವನು ಅಂದುಕೊಂಡದ್ದು ಈ ಅಡಿಗೆಮನೆಯ ಬೆಳಕಿನಲ್ಲಿ ಹೇಳುವಂಥದ್ದಾಗಿರಲಿಲ್ಲ. ಅವಳಿಗೂ ಗೊತ್ತಾಯಿತು, ನಲ್ಲಿ ನಿಲ್ಲಿಸಿದಳು.

“ಬಾಯಿಲ್ಲ, ಬಲಗೈಯಿಲ್ಲ. ತುರಿಸಿಕೊಳ್ಳೋಕೆ ಒಂದು ಕೈ ಇತ್ತು.” ಒದ್ದೆ ಕೈ ಒರೆಸಿಕೊಂಡಳು. “ನನಗೂ ಆಗಿತ್ತು. ಮದುವೆಯಾದ ಹೊಸದರಲ್ಲಿ. ಹುಚ್ಚು ಹಿಡಿಯೋ ತುರಿಕೆ ಅದು. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸತ್ತೆ. ಯಾರಿಗೆ ಹೇಳೋದು? ಅತ್ತೆಯೇ ಕಂಡುಹಿಡಿದದ್ದು, ನಾನು ನಡೆಯೋದು ನೋಡಿ.”

ಆ ದಿನಗಳು ಅವನಿಗೆ ಚೆನ್ನಾಗಿ ನೆನಪಿದ್ದವು, ಬೇರೆಯೇ ರೀತಿಯಲ್ಲಿ. ಹೊಸ ಹೆಂಡತಿ ಹಾಸಿಗೆಯ ಅಂಚಿಗೆ ಸರಿದು ಮಲಗುತ್ತಿದ್ದಳು. ಕೈ ತಾಗಿದರೆ ಮುದುಡುತ್ತಿದ್ದಳು. ತನ್ನನ್ನು ಕಂಡರೆ ಇವಳಿಗೆ ಹೇಸಿಗೆ ಎಂದುಕೊಂಡು ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ, ಒಮ್ಮೆ, “ಮನಸ್ಸಿಲ್ಲದಿದ್ರೆ ಯಾಕೆ ಒಪ್ಪಿಕೊಂಡೆ?” ಎಂದು ಕೇಳಿಯೂಬಿಟ್ಟಿದ್ದ. ಆಗಲೇ ಅಮ್ಮ, “ನನಗ್ಯಾಕೋ ಒಬ್ಬಳೇ ಮಲಗೋಕೆ ಆಗ್ತಿಲ್ಲ, ಸೊಸೆ ನನ್ನ ಕೋಣೇಲಿ ಮಲಗಲಿ” ಎಂದು ಅವಳನ್ನು ಕರೆದುಕೊಂಡು ಹೋದದ್ದು. ಹೆದರಿಕೆ ಎಂದರೆ ಏನೆಂದೇ ಗೊತ್ತಿಲ್ಲದ ಅಮ್ಮ! ಮಗನ ಸುಖ ನೋಡಲಾರದೆ ಹೀಗೆ ಮಾಡಿದಳೆಂದು ಅವನು ಸಿಟ್ಟು ಇಟ್ಟುಕೊಂಡಿದ್ದ. ಮರೆತೆ ಎಂದುಕೊಂಡಿದ್ದರೂ ಮರೆತಿರಲಿಲ್ಲ.

“ಸೋಪು ಬಿಡಿಸಿದ್ರು, ಬಿಗಿ ನೈಲಾನು ಬಿಡಿಸಿದ್ರು” ಎಂದು ಹೆಂಡತಿ ಹೇಳುತ್ತಿದ್ದಳು. “ಹತ್ತಿದೇ ಹಾಕ್ಕೋ, ರಾತ್ರಿ ಅದೂ ಬೇಡ, ಗಾಳಿ ಆಡಲಿ ಅಂದ್ರು. ಮುಂದಿನಿಂದ ಹಿಂದಕ್ಕೆ ತೊಳೀಬೇಕು, ಹಿಂದಿನಿಂದ ಮುಂದಕ್ಕಲ್ಲ ಅಂತ ನನಗೆ ಆ ವಯಸ್ಸಿನಲ್ಲಿ ಹೇಳಿಕೊಟ್ಟರು. ನಮ್ಮಮ್ಮನೂ ಹೇಳಿರಲಿಲ್ಲ. ಆಮೇಲೂ ಹೋಗಲಿಲ್ಲ ಅಂತ ಅವರೇ ಕೈ ಹಿಡ್ಕೊಂಡು ಡಾಕ್ಟರ ಹತ್ತಿರ ಕರ್ಕೊಂಡು ಹೋದ್ರು. ನಾಚ್ಕೋಬೇಡ, ಇದು ಮೈಗೆ ಬರೋ ಕಾಯಿಲೆ, ನಿನ್ನ ಗುಣಕ್ಕಲ್ಲ ಅಂದ್ರು.”

ಗುಣಕ್ಕಲ್ಲ. ಅವನಿಗೆ ಥಟ್ಟನೆ ಒಂದು ಹಾಳೆ ಕಣ್ಣಮುಂದೆ ಬಂತು. ಹೆಂಗಸರ ಆರೋಗ್ಯದ ಕರಪತ್ರ, ಆರೋಗ್ಯ ಇಲಾಖೆಯದು, ಅವನೇ ತಿದ್ದಿ ಅಚ್ಚಿಗೆ ಕಳಿಸಿದ್ದು. ‘ಶಿಲೀಂದ್ರ’ ಎಂದಿದ್ದುದನ್ನು ಕೆಂಪು ಶಾಯಿಯಲ್ಲಿ ‘ಶಿಲೀಂಧ್ರ’ ಮಾಡಿದ್ದ; ಮಹಾಪ್ರಾಣದ ಆ ಸೀಳನ್ನು ಯಾರೂ ಹಿಡಿದಿರಲಿಲ್ಲ, ತಾನು ಹಿಡಿದೆನೆಂದು ಖುಷಿಪಟ್ಟಿದ್ದ. ಅದರ ಕೆಳಗೆ ಇದೇ ಮಾತುಗಳಿದ್ದವು. ತೇವ, ಸುಗಂಧ, ಹತ್ತಿ, ಗಾಳಿ. ಒಂದಕ್ಷರವನ್ನೂ ಬಿಡದೆ ಓದಿದ್ದ. ಏನನ್ನೂ ಓದಿರಲಿಲ್ಲ.

ಮಾರನೆಯ ದಿನ ಬಂದ ಡಾಕ್ಟರಮ್ಮ ನೋಡಿ, ಹೌದು ಅದೇ ಎಂದರು. ಕಫ ಕಟ್ಟಿದಾಗ ಆಸ್ಪತ್ರೆಯಲ್ಲಿ ಕೊಟ್ಟ ಆಂಟಿಬಯಾಟಿಕ್ಕು ಮೈಯೊಳಗಿನ ಒಳ್ಳೆಯ ಕ್ರಿಮಿಗಳನ್ನೂ ಕೊಂದಿರುತ್ತದೆ, ಅದರ ಮೇಲೆ ರಕ್ತದಲ್ಲಿ ಸಕ್ಕರೆಯೂ ಏರಿದೆ ಎಂದರು. “ಸಿಹಿ ಏನಾದ್ರೂ ಕೊಡ್ತಿದ್ರಾ?” ಎಂದು ಕೇಳಿದಾಗ ಅವನು ನೆಲ ನೋಡಿದ. ಮಾತು ಹೋದ ಮೇಲೆ ಅಮ್ಮನ ಮುಖದಲ್ಲಿ ನಗುವಿನಂಥದ್ದೊಂದು ಕಾಣುತ್ತಿದ್ದದ್ದು ಜಾಮಿನ ಚಮಚ ಬಾಯಿಗೆ ಹೋದಾಗ ಮಾತ್ರ. ಆ ಸೊಟ್ಟ ನಗುವಿಗಾಗಿ ಅವನು ದಿನವೂ ಬಾಟಲಿ ತೆರೆಯುತ್ತಿದ್ದ. ಆಯಾ ಬಾಗಿಲಿನಿಂದ, “ಮೊಸರು ಹಚ್ಚಿದ್ರೆ ತಂಪು ಅಂತಾರಲ್ಲ ಡಾಕ್ಟ್ರೇ?” ಎಂದಳು. “ತಿನ್ನಿಸಿ, ಸಕ್ಕರೆ ಹಾಕದೆ. ಹಚ್ಚೋದು ಬೇಡ, ಬೆಳ್ಳುಳ್ಳಿ ಗಿಳ್ಳುಳ್ಳಿ ಒಳಗೆ ಇಡೋದಂತೂ ಬೇಡವೇ ಬೇಡ, ಸುಟ್ಟುಹೋಗತ್ತೆ” ಎಂದು ಡಾಕ್ಟರಮ್ಮ ಒಂದು ಮುಲಾಮು ಬರೆದುಕೊಟ್ಟರು. “ಮುಲಾಮು ಕೆಲಸ ಮಾಡತ್ತೆ. ಆದ್ರೆ ಒದ್ದೆ ಇದ್ರೆ ಮತ್ತೆ ಬರತ್ತೆ. ನಿಮ್ಮ ಮನೆಯವರು ಮಾಡ್ತಿರೋದೇ ಸರಿ.” ಹೊರಡುವಾಗ ಮಣಿಕಟ್ಟಿನ ಗುರುತಿನ ಮೇಲೆ ಅವರ ಕಣ್ಣು ಒಂದು ಕ್ಷಣ ನಿಂತಿತು. ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಅವನು ಒಂದು ಸುಳ್ಳು ಸಿದ್ಧಮಾಡಿಟ್ಟುಕೊಂಡಿದ್ದ. ಅದು ಹಾಗೇ ಉಳಿಯಿತು.

ಅಮ್ಮನನ್ನು ಶುಚಿ ಮಾಡುವ ಕೆಲಸಕ್ಕೆ ಹೆಂಡತಿ ಅವನನ್ನು ಸೇರಿಸಲಿಲ್ಲ. ನಾನೂ ಕಲಿತುಕೊಳ್ಳುತ್ತೇನೆ ಎಂದು ಅವನು ಕೇಳಿದಾಗ, “ಅವರಿಗೆ ಇಷ್ಟ ಆಗಲ್ಲ” ಎಂದಳು. “ಮಾತು ಹೋಗಿದೆ ಅಂತ ನಾಚಿಕೆಯೂ ಹೋಗಿದೆ ಅನ್ಕೋಬೇಡಿ.” ಬದಲಿಗೆ ಬಟ್ಟೆ ಒಗೆಯುವುದು ಅವನ ಪಾಲಿಗೆ ಬಂತು. ಹಗಲು ಡೈಪರು ಬಿಟ್ಟು, ಕೆಳಗೆ ಹತ್ತಿಯ ತುಂಡುಗಳನ್ನು ಹಾಸಿ, ಮಂಡಿಗಳ ನಡುವೆ ದಿಂಬಿಟ್ಟು, ತೆಳುವಾದ ಹೊದಿಕೆಯ ಕೆಳಗೆ ಗಾಳಿಯಾಡಲು ಬಿಡುತ್ತಿದ್ದರು. ಒದ್ದೆಯಾದ ಕ್ಷಣ ತುಂಡು ಬದಲಾಗಬೇಕು. ಅವನು ರಜೆ ಹಾಕಿ, ಬಿಸಿನೀರಿನಲ್ಲಿ ನೆನೆಸಿ, ಸೋಪಿನ ಜಿಡ್ಡು ಉಳಿಯದ ಹಾಗೆ ಜಾಲಿಸಿ ಜಾಲಿಸಿ, ಬಕೆಟ್ಟು ಹಿಡಿದು ಮಹಡಿ ಹತ್ತುತ್ತಿದ್ದ. ಒಂದು ದಿನ ಮೆಟ್ಟಿಲಲ್ಲಿ ಜಡ್ಜರು ಎದುರಾದರು. ಬಕೆಟ್ಟು ನೋಡಿ, “ತಾಯಿ ಹೇಗಿದ್ದಾರೆ? ಆ... ಅದೆಲ್ಲ ಕಡಿಮೆ ಆಯ್ತಾ?” ಎಂದರು. “ತುರಿಕೆ ಇತ್ತು ಸಾರ್. ಶಿಲೀಂಧ್ರದ ಸೋಂಕು. ಹೆಂಗಸರಿಗೆ ಬರೋದು. ಈಗ ಕಡಿಮೆ” ಎಂದ. ಜೋರಾಗಿಯೇ ಎಂದ. ಜಡ್ಜರು ಗಡಿಬಿಡಿಯಿಂದ ಬೀಗದಕೈ ಹುಡುಕಿಕೊಂಡರು. ಹೇಳಿ ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅವನಿಗೆ ತಿಳಿಯಿತು: ಈ ಮಾತು ಅವರಿಗೆ ಬೇಕಾಗಿರಲಿಲ್ಲ. ಅಂದು ಅವರ ಮುಂದೆ ಕೂಗಿದ ಮಾತಿಗೆ ಇದು ತಿದ್ದುಪಡಿ. ಅಚ್ಚಾಗಿ ಹಂಚಿಹೋದ ಮೇಲೆ ಹಾಕಿದ ತಿದ್ದುಪಡಿ. ಕೇಳಿಸಿಕೊಳ್ಳಬೇಕಾದವಳು ಕೆಳಗೆ ಮಲಗಿದ್ದಳು.

ಅವಳಿಗೂ ಹೇಳಬೇಕೆಂದು ದಿನವೂ ಸ್ಟೂಲಿನ ಮೇಲೆ ಹೋಗಿ ಕೂರುತ್ತಿದ್ದ. “ಅಮ್ಮಾ” ಎನ್ನುತ್ತಿದ್ದ. ಅವಳು ಕಣ್ಣು ತಿರುಗಿಸಿ ನೋಡುವಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ಮುಂದಿನ ಮಾತು ಬರುತ್ತಿತ್ತೇನೋ. ಕೋಪವಿರಲಿಲ್ಲ. ಜಾಮಿನ ಚಮಚಕ್ಕಾಗಿ ಕಾಯುವ ನೋಟವೂ ಅಲ್ಲ. ಇವನು ಮುಂದೆ ಏನು ಮಾಡುತ್ತಾನೋ ಎಂದು ಕಾಯುವ ನೋಟ. ಅವನು, “ನೀರು ಬೇಕಾ?” ಎಂದು ಕೇಳಿ ಎದ್ದುಬಿಡುತ್ತಿದ್ದ.

ಕೆಂಪು ಇಳಿಯಿತು ಎಂದು ಹೆಂಡತಿ ಹೇಳಿದಳು. ಬಿರುಕು ಕೂಡುತ್ತಿದೆ ಎಂದಳು. ಅಮ್ಮ ಈಗ ಹಗಲಲ್ಲೂ ಆಳವಾಗಿ ನಿದ್ದೆ ಮಾಡುತ್ತಿದ್ದಳು, ತಿಂಗಳಿನ ನಿದ್ದೆಯನ್ನೆಲ್ಲ ಒಟ್ಟಿಗೆ ತೀರಿಸಿಕೊಳ್ಳುವವಳಂತೆ. ಕೋಣೆಯಲ್ಲಿ ಗುಲಾಬಿಯ ಘಮ ಹೋಗಿ ಒಗೆದ ಬಟ್ಟೆಯ ವಾಸನೆ, ಮುದಿಮೈಯ ವಾಸನೆ ಉಳಿಯಿತು. ಅಮ್ಮನ ವಾಸನೆ ಹೀಗಿರುತ್ತದೆ ಎಂಬುದನ್ನೇ ಅವನು ಮರೆತಿದ್ದ.

ಒಂದು ಮಧ್ಯಾಹ್ನ ಹೆಂಡತಿ ಊಟಕ್ಕೆ ತಟ್ಟೆ ಇಡುತ್ತಿದ್ದಳು. ಅವನು ಮಹಡಿಯಿಂದ ಒಣಗಿದ ಬಟ್ಟೆಯ ಹೊರೆಯನ್ನು ತಬ್ಬಿಕೊಂಡು ತಂದು ಅಮ್ಮನ ಕೋಣೆಗೆ ಬಂದ. ಅಮ್ಮ ಎಚ್ಚರವಾಗಿದ್ದಳು. ಅವನ ಕೈಯಲ್ಲಿ ಜೋತಾಡುತ್ತಿದ್ದ ಉದ್ದನೆಯ ಹತ್ತಿಯ ಪಟ್ಟಿಯನ್ನು ನೋಡಿದಳು, ಅವನ ಮುಖ ನೋಡಿದಳು. ಆಮೇಲೆ ಎಡಗೈಯನ್ನು ಹೊದಿಕೆಯಿಂದ ಮೆಲ್ಲಗೆ ಹೊರಗೆ ತೆಗೆದು, ಮೇಲೆತ್ತಿ, ಮಂಚದ ಕಂಬಿಗೆ ಮಣಿಕಟ್ಟನ್ನು ತಾಗಿಸಿ ಹಿಡಿದಳು. ಕಟ್ಟುವವನಿಗೆ ಅನುಕೂಲವಾಗುವಂತೆ ಅಂಗೈ ಮೇಲೆ ಮಾಡಿ ಹಿಡಿದಳು.

“ಅಮ್ಮಾ, ಬೇಡ. ಇದು ಅದಕ್ಕಲ್ಲ” ಎಂದ.

ಕೈ ಇಳಿಯಲಿಲ್ಲ.

“ಇನ್ನು ಕಟ್ಟಲ್ಲಮ್ಮಾ. ಯಾವತ್ತೂ ಕಟ್ಟಲ್ಲ.”

ಅವಳು ಅವನನ್ನೇ ನೋಡುತ್ತಿದ್ದಳು. ಎತ್ತಿ ಹಿಡಿದ ಕೈ ಆಯಾಸಕ್ಕೆ ನಡುಗತೊಡಗಿತು, ಆದರೂ ಕಂಬಿಯನ್ನು ಬಿಡಲಿಲ್ಲ. ಬಟ್ಟೆಯ ಹೊರೆ ಅವನ ತೋಳಿನಲ್ಲಿ ಇನ್ನೂ ಬೆಚ್ಚಗಿತ್ತು. ಕೊನೆಗೆ ಹೊರೆಯನ್ನು ನೆಲಕ್ಕಿಟ್ಟು, ಆ ಮಣಿಕಟ್ಟನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಕಂಬಿಯಿಂದ ಬಿಡಿಸಿ, ಮೆಲ್ಲಗೆ ಹಾಸಿಗೆಯ ಮೇಲೆ ಇಳಿಸಿ ಇಟ್ಟ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಬಿಟ್ಟ.

ಅಮ್ಮ ಕಣ್ಣು ಮುಚ್ಚಿಕೊಂಡಳು. ಕಟ್ಟಿಯಾಯಿತು ಎಂದೇ ತಿಳಿದಳು. ಅವನು ಇಟ್ಟ ಜಾಗದಲ್ಲೇ, ಇಟ್ಟ ಹಾಗೆಯೇ, ಆ ಕೈಯನ್ನು ಸಂಜೆಯವರೆಗೂ ಅಲುಗಿಸಲಿಲ್ಲ.